ಗಾಳಿಯಂತ್ರ ಮತ್ತು ದವಡೆ ಹಲ್ಲು

ಚಾಳೀಸಪ್ಪನ ಕೊನೆಯ ದವಡೆ ಹಲ್ಲು ಬೇರೆ ಯಾವ ದಿನ ಕೈಕೊಟ್ಟಿದ್ದರೂ ಇಷ್ಟೆಲ್ಲ ಆಗುತ್ತಿರಲಿಲ್ಲ. ಅದು ಸರಿಯಾಗಿ ಅವನಿದ್ದ ಕಟ್ಟಡದ ಸಂಘದ ಸಭೆಯ ದಿನವೇ, ಬೆಳಗಿನ ಕಾಫಿಯ ಮೊದಲ ಗುಟುಕಿಗೆ, ಒಳಗಿನಿಂದ ಯಾರೋ ಮೊಳೆ ಹೊಡೆದ ಹಾಗೆ ಕುಟ್ಟಲು ಶುರುಮಾಡಿತು.

ಅವನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ನಾಲ್ಕಂತಸ್ತಿನ ಆ ಕಟ್ಟಡದ ಕೆಳಗೆ, ರಸ್ತೆಗೆ ಮುಖ ಮಾಡಿ ಕನ್ನಡಕದಂಗಡಿ ತೆರೆದ ದಿನದಿಂದ, ಚಾಳೀಸು ಮಾರುವವನೆಂದು ಎಲ್ಲರಿಗೂ ಚಾಳೀಸಪ್ಪನಾದ. ಅಂಗಡಿ ಕೆಳಗೆ, ಮನೆ ಮೂರನೇ ಅಂತಸ್ತಿನಲ್ಲಿ. ಮಾತಿನ ಮಟ್ಟಿಗೆ ಅವನ ಹಣೆಬರಹ ಎರಡು ಕಡೆಯೂ ಒಂದೇ. ಅಂಗಡಿಯಲ್ಲಿ ಅವನು ಒಂದು ಮಾತು ಮುಗಿಸುವುದರೊಳಗೆ ಗಿರಾಕಿಗಳು ತಮ್ಮದು ಶುರುಮಾಡುತ್ತಿದ್ದರು. ಮನೆಯಲ್ಲಿ ಅವನು ಆರಂಭಿಸಿದ ವಾಕ್ಯವನ್ನು ಹೆಂಡತಿಯೇ ಮುಗಿಸಿ, ಉತ್ತರವನ್ನೂ ತಾನೇ ಕೊಟ್ಟು, “ನಿಮ್ಮ ಹತ್ರ ವಾದ ಮಾಡೋಕಾಗಲ್ಲಪ್ಪ” ಎಂದು ಬೇಸರ ಮಾಡಿಕೊಳ್ಳುತ್ತಿದ್ದಳು.

ಕಟ್ಟಡದಲ್ಲಿ ಆಗ ಗಾಳಿಯದೇ ಮಾತು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಎಲ್ಲದರ ಕರೆಂಟ್ ಬಿಲ್ಲು ತಿಂಗಳಿಂದ ತಿಂಗಳಿಗೆ ಮೇಲೇರುತ್ತಿತ್ತು. ತಾರಸಿಯ ಮೇಲೊಂದು ಗಾಳಿಯಂತ್ರ ನಿಲ್ಲಿಸಿದರೆ ಅರ್ಧ ಖರ್ಚನ್ನು ಸರ್ಕಾರವೇ ಸಬ್ಸಿಡಿಯಾಗಿ ಕೊಡುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಕಟ್ಟಡ ಎರಡು ಹೋಳಾಯಿತು. ಸಬ್ಸಿಡಿ ತಗೊಂಡು ಯಂತ್ರ ಹಾಕಿಸೋಣ ಎನ್ನುವವರಿಗೆ ಗಾಳಿ ಮೇಷ್ಟರು ಮುಂದಾಳು. ಅವರು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಮನೆಗೆ ಬಂದ ಮೇಲೂ ಹೇಳಿಕೊಡುವುದನ್ನು ನಿಲ್ಲಿಸುತ್ತಿರಲಿಲ್ಲ. ಸಬ್ಸಿಡಿಯ ಒಂದು ಕಾಸೂ ಮುಟ್ಟಬಾರದು ಎನ್ನುವವರಿಗೆ ತೆರಿಗೆ ತಾತ ಮುಂದಾಳು. ತೆರಿಗೆ ಕಚೇರಿಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಸರ್ಕಾರದ ಖಜಾನೆಯನ್ನು ತಮ್ಮ ಸ್ವಂತ ಜೇಬಿನ ಹಾಗೆ ಕಾಯುತ್ತಿದ್ದರು.

ಸಭೆಯಲ್ಲಿ ಇದು ತೀರ್ಮಾನವಾಗಬೇಕಿತ್ತು, ಎರಡು ಕಡೆಯ ಮನೆಗಳೂ ಸರಿಸಮ. ಎಲ್ಲಿಗೂ ಸೇರದೆ ಉಳಿದವನು ಚಾಳೀಸಪ್ಪ ಒಬ್ಬನೇ. ಅವನಿಗೂ ಒಂದು ಅಭಿಪ್ರಾಯವಿತ್ತು. ಮೊದಲು ತಾರಸಿ ಮೇಲೆ ಗಾಳಿ ಬೀಸುತ್ತದೋ ಇಲ್ಲವೋ ಅಳೆದು ನೋಡೋಣ, ಆಮೇಲೆ ನಿಧಾನವಾಗಿ ಜಗಳ ಆಡೋಣ. ಇದನ್ನು ಹೇಳಲು ಅವನು ಎಷ್ಟೋ ಸಲ ಹೊರಟಿದ್ದ. “ಮೊದಲು” ಎಂಬ ಶಬ್ದವನ್ನು ದಾಟಿ ಮುಂದೆ ಹೋಗಲು ಯಾರೂ ಬಿಟ್ಟಿರಲಿಲ್ಲ.

ಆ ದಿನ ಮಧ್ಯಾಹ್ನ ಹಲ್ಲಿನ ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು, ಹಗ್ಗ ಜಗ್ಗುವವರಂತೆ ಕಾಲೂರಿ ನಿಂತು ಆ ಹಲ್ಲನ್ನು ಕಿತ್ತರು. ಹಳೇ ಬಾಡಿಗೆದಾರನ ಹಾಗೆ ಅದು ಜಾಗ ಬಿಡಲು ಒಪ್ಪಲೇ ಇಲ್ಲ. ಕಡೆಗೆ ಹೊರಬಿದ್ದಾಗ ಇಬ್ಬರೂ ಬೆವೆತಿದ್ದರು.

“ಹತ್ತಿ ಕಚ್ಕೊಂಡಿರಿ. ಇವತ್ತು ಬಾಯಿ ಬಿಡಬೇಡಿ, ಮಾತಾಡಿದ್ರೆ ಮತ್ತೆ ರಕ್ತ ಬರುತ್ತೆ,” ಎಂದರು ಡಾಕ್ಟರು.

ಚಾಳೀಸಪ್ಪ ತಲೆಯಾಡಿಸಿದ. ಎಡಗೆನ್ನೆ ದಿಂಬಿನ ಹಾಗೆ ಊದಿತ್ತು. ನಾಲಗೆ ಬಾಯೊಳಗಿದೆಯೋ ಡಾಕ್ಟರ ಮೇಜಿನ ಮೇಲೇ ಉಳಿಯಿತೋ ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಪ್ರಯತ್ನಿಸಿ ನೋಡಿದ. “ಹೂಂ” ಅಂದರೂ “ಉಹೂಂ” ಅಂದರೂ ಮೂಗಿನಿಂದ ಒಂದೇ ಸದ್ದು ಬರುತ್ತಿತ್ತು.

ಅಂಗಡಿಯ ಬಾಗಿಲು ತೆಗೆಯುತ್ತಲೇ ಗಾಳಿ ಮೇಷ್ಟರು ಒಳಗೆ ಬಂದರು. ಚಾಳೀಸಪ್ಪ ಕೆನ್ನೆ ತೋರಿಸಿ, ಕೈಯಿಂದ ಹಲ್ಲು ಕೀಳುವ ಅಭಿನಯ ಮಾಡಿದ.

“ಹಲ್ಲು ಕೀಳಿಸಿದ್ರಾ? ಒಳ್ಳೇದೇ ಆಯ್ತು ಬಿಡಿ, ಮಧ್ಯೆ ಬಾಯಿ ಹಾಕಲ್ಲ,” ಎಂದು ಮೇಷ್ಟರು ಸ್ಟೂಲು ಎಳೆದು ಕೂತರು. “ನೋಡಿ ಚಾಳೀಸಪ್ಪನೋರೇ, ಮಗು ನಡೆಯೋದು ಕಲಿಯುವಾಗ ಕೈ ಹಿಡೀತೀವಾ ಇಲ್ವಾ? ಸಬ್ಸಿಡಿ ಅಂದ್ರೆ ಅದೇ. ಕಲ್ಲಿದ್ದಲಿಗೆ, ಎಣ್ಣೆಗೆ ಸರ್ಕಾರಗಳು ಎಷ್ಟು ಕಾಲದಿಂದ ಕೈ ಹಿಡಿದು ನಡೆಸ್ಲಿಲ್ಲ? ಆ ಮಕ್ಕಳಿಗೆ ಈಗ ಮೀಸೆ ನರೆತಿದೆ, ಇನ್ನೂ ಕೈ ಬಿಟ್ಟಿಲ್ಲ. ಪಾಪ, ಗಾಳಿ ಕೈ ಚಾಚಿದ್ರೆ ಮಾತ್ರ ಎಲ್ಲರ ಕಣ್ಣೂ ಕೆಂಪಗಾಗುತ್ತೆ. ಹೌದೋ ಅಲ್ವೋ?”

ಚಾಳೀಸಪ್ಪ ತನ್ನ ಅಭಿಪ್ರಾಯವನ್ನು ಕೈಸನ್ನೆಯಲ್ಲೇ ಹೇಳಲು ನೋಡಿದ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡುವವರ ಹಾಗೆ ಬೆರಳನ್ನು ನೀರಿನ ಲೋಟದಲ್ಲಿ ಅದ್ದಿ ಮೇಲಕ್ಕೆತ್ತಿದ.

ಮೇಷ್ಟರ ಕಣ್ಣು ತುಂಬಿ ಬಂತು. “ಮೇಲಕ್ಕೆ. ತಾರಸಿ ಮೇಲೆ. ನೀವು ನಮ್ಮ ಕಡೆ ಅಂತ ನಂಗೆ ಮೊದಲೇ ಗೊತ್ತಿತ್ತು.”

“ಉಹೂಂ,” ಎಂದ ಚಾಳೀಸಪ್ಪ.

“ಹೂಂ ಅಂದ್ರಲ್ಲ, ಸಾಕು,” ಎಂದು ಮೇಷ್ಟರು ಅವನ ಕೈ ಕುಲುಕಿ ಹೊರಟರು. ಇಷ್ಟು ವರ್ಷಗಳಲ್ಲಿ ಅವರು ಅವನ ಕೈ ಮುಟ್ಟಿದ್ದು ಅದೇ ಮೊದಲು.

ಅವರು ಹೋದ ಗಳಿಗೆಗೇ ತೆರಿಗೆ ತಾತ ಬಂದರು. ಕೈಯಲ್ಲಿ ಕಾಲು ಮುರಿದ ಕನ್ನಡಕವಿತ್ತು. ಚಾಳೀಸಪ್ಪ ಜಾಣನಾಗಿ, “ಹಲ್ಲು ಕಿತ್ತಿದೆ, ಮಾತಾಡುವಂತಿಲ್ಲ, ನಾಳೆ ಬನ್ನಿ” ಎಂದು ಒಂದು ಚೀಟಿಯಲ್ಲಿ ಬರೆದು ಮುಂದೆ ಹಿಡಿದ. ತಾತ ಚೀಟಿಯನ್ನು ಮೂಗಿಗೆ ತಂದರು, ತೋಳುದ್ದ ದೂರ ಹಿಡಿದರು, ವಾಪಸು ಕೊಟ್ಟರು. “ಕಾಣೋ ಹಾಗಿದ್ರೆ ನಿನ್ನ ಅಂಗಡಿಗೆ ಯಾಕಪ್ಪ ಬರ್ತಿದ್ದೆ?”

ಹಲ್ಲಿನ ವಿಷಯವನ್ನು ಅವನ ಕೆನ್ನೆಯೇ ಹೇಳಿತು. ತಾತ ಮರುಗಲೂ ಇಲ್ಲ, ನಿಲ್ಲಿಸಲೂ ಇಲ್ಲ. “ನೋಡಪ್ಪ, ಸಬ್ಸಿಡಿ ಆಕಾಶದಿಂದ ಉದುರುತ್ತಾ? ತಾರಸಿ ಇಲ್ಲದವನು ಬೆಂಕಿಪೊಟ್ಟಣ ಕೊಂಡಾಗ ಕಟ್ಟಿದ ತೆರಿಗೆ ಅದು. ಅವನ ದುಡ್ಡಲ್ಲಿ ನಮ್ಮ ಲಿಫ್ಟು ಓಡಬೇಕಾ? ಸರ್ಕಾರ ಅರ್ಧ ಕೊಡುತ್ತೆ ಅಂತ ಗೊತ್ತಾದ ದಿನವೇ ಯಂತ್ರ ಮಾರೋನು ಬೆಲೆ ಏರಿಸಿರ್ತಾನೆ. ಯಂತ್ರದ ಮೇಲೆ ನಂಗೇನೂ ಹಗೆ ಇಲ್ಲ. ಒಳ್ಳೇದಾಗಿದ್ರೆ ಸ್ವಂತ ಕಾಲ ಮೇಲೆ ನಿಲ್ಲಲಿ.”

ಚಾಳೀಸಪ್ಪನಿಗೆ ಅವರನ್ನು ಸಾಗಹಾಕಿದರೆ ಸಾಕಾಗಿತ್ತು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ಇತ್ತು. “ನಾಳೆ” ಎಂದು ತಿಳಿಸಲು ಕೋಲು ತೆಗೆದುಕೊಂಡು, ಮೇಲಿನ ಸಾಲಿನಲ್ಲಿದ್ದ ದಪ್ಪ ನ ತೋರಿಸಿದ.

“ನ,” ಎಂದರು ತಾತ, ಹೆಮ್ಮೆಯಿಂದ. “ಕಾಣುತ್ತೆ.”

ಳ ಇದ್ದದ್ದು ಕಟ್ಟಕಡೆಯ ಸಾಲಿನಲ್ಲಿ, ಇರುವೆಯಷ್ಟು ಸಣ್ಣದಾಗಿ. ತಾತ ಕಣ್ಣು ಕಿರಿದು ಮಾಡಿದರು. “ಅದು ಲ. ನ, ಲ. ನಲ... ನಿಲ್ಲ...” ಅವರ ಮುಖ ಅರಳಿತು. “ನಿಲ್ಲಬೇಕು. ಸಬ್ಸಿಡಿ ನಿಲ್ಲಬೇಕು. ಭಲೆ ಚಾಳೀಸಪ್ಪ, ಇಂಥ ನೋವಲ್ಲೂ ನ್ಯಾಯ ಬಿಡ್ಲಿಲ್ವಲ್ಲ ನೀನು.”

“ಉಹೂಂ,” ಎಂದ ಚಾಳೀಸಪ್ಪ.

“ಹೂಂ, ಹೂಂ. ಆಯಾಸ ಮಾಡ್ಕೋಬೇಡ,” ಎಂದು ತಾತ ಬೆನ್ನು ತಟ್ಟಿ ಹೋದರು.

ಸಂಜೆ ಮನೆಗೆ ಹೋಗಲು ಲಿಫ್ಟಿನ ಬಳಿ ಬಂದಾಗ ಚಾಳೀಸಪ್ಪನಿಗೆ ಬೇರೆ ಯಾರದೋ ಬದುಕಿನೊಳಗೆ ಕಾಲಿಟ್ಟಂತಾಯಿತು. ಎಂದೂ ತಿರುಗಿ ನೋಡದವರು ಬದಿಗೆ ಸರಿದು ದಾರಿ ಬಿಟ್ಟರು. ಯಾರೋ ಅವನಿಗಾಗಿ ಗುಂಡಿ ಒತ್ತಿದರು. ಮನೆಯಲ್ಲಿ ಮೇಷ್ಟರ ಮನೆಯಿಂದ ಒಂದು ಡಬ್ಬಿ ಐಸ್‌ಕ್ರೀಮು, ತಾತನ ಮನೆಯಿಂದ ಇನ್ನೊಂದು ಡಬ್ಬಿ ಬಂದು ಕೂತಿದ್ದವು.

“ಏನ್ರೀ ಇದು,” ಎಂದಳು ಹೆಂಡತಿ, ಎಂದೂ ಇಲ್ಲದ ಮರ್ಯಾದೆಯಿಂದ ಕುರ್ಚಿ ಸರಿಸುತ್ತ. “ಮೇಷ್ಟ್ರ ಹೆಂಡ್ತಿ ಹೇಳ್ತಾರೆ, ನೀವು ಹೂಂ ಅಂದ್ರಂತೆ. ತಾತನ ಸೊಸೆ ಹೇಳ್ತಾಳೆ, ನೀವು ಬೇಡ ಅಂದ್ರಂತೆ. ಇಬ್ರೂ ಹೇಳ್ತಾರೆ, ಇಷ್ಟು ತೂಕವಾಗಿ ಮಾತಾಡೋರನ್ನ ನೋಡೇ ಇಲ್ಲ ಅಂತ. ಇಷ್ಟು ದಿನ ನನ್ನ ಹತ್ರ ಯಾಕ್ರೀ ಹೀಗೆ ಮಾತಾಡ್ಲಿಲ್ಲ?”

ಚಾಳೀಸಪ್ಪ ಐಸ್‌ಕ್ರೀಮು ತಿಂದ. ಹೆದರಿಕೆ ಒಂದು ಕಡೆ ಇತ್ತು, ನಿಜ. ಇನ್ನೊಂದು ಕಡೆ, ಊದಿದ ಕೆನ್ನೆಯ ಹಿಂದೆ ಎಲ್ಲೋ, ಅವನಿಗೆ ಬಲು ಸುಖವಾಗುತ್ತಿತ್ತು.

ಸಭೆ ನಡೆದದ್ದು ಕಟ್ಟಡದ ಅಡಿಯಲ್ಲಿ, ಸ್ಕೂಟರುಗಳನ್ನು ಗೋಡೆಗೆ ಒತ್ತರಿಸಿ ಮಾಡಿದ ಜಾಗದಲ್ಲಿ. ವಿದ್ಯುತ್ ಇಲಾಖೆಯ ಸಾಹೇಬರೊಬ್ಬರು ವಿವರ ಹೇಳಲು ಬಂದಿದ್ದರು. ಅವರು ಯಾಕೋ ಕುರ್ಚಿಯ ತುದಿಯಲ್ಲಿ ಕೂತು ಪದೇ ಪದೇ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಮೇಷ್ಟರು ಮತ್ತೆ ಅದೇ ಮಗುವಿನ ಕೈ ಹಿಡಿದರು, ತಾತ ಮತ್ತೆ ಅದೇ ಬೆಂಕಿಪೊಟ್ಟಣ ತೆಗೆದರು. ವಾದ ಬಿಸಿಯೇರಿ, “ನಿಮ್ಮ ತಲೆ”, “ನಿಮ್ಮ ತಾತನ ತಲೆ” ಎಂಬಲ್ಲಿಗೆ ಬಂದು ಮುಟ್ಟಿತು. ಆಗ ಮೇಷ್ಟರು ತಮ್ಮ ಕೊನೆಯ ಅಸ್ತ್ರ ಬಿಟ್ಟರು. “ಚಾಳೀಸಪ್ಪನೋರು ನಮ್ಮ ಕಡೆ.”

“ಯಾರು ಹೇಳಿದ್ದು? ಅವನು ನಮ್ಮ ಕಡೆ,” ಎಂದರು ತಾತ.

ಎಲ್ಲರೂ ತಿರುಗಿದರು. ಹಿಂದಿನ ಸಾಲಿನಲ್ಲಿ ಸ್ಕೂಟರಿನ ಮರೆಗೆ ಕೂತಿದ್ದ ಚಾಳೀಸಪ್ಪನನ್ನು ಹೆಂಡತಿಯೇ ಮೊಣಕೈಯಿಂದ ತಿವಿದು ಎಬ್ಬಿಸಿದಳು. ಮುಂದೆ ಹೋಗಿ ನಿಂತ. ಇಷ್ಟು ಜನ ತನ್ನ ಬಾಯನ್ನೇ ನೋಡುತ್ತ ಸುಮ್ಮನೆ ಕೂತಿರುವುದು ಅವನ ಜೀವಮಾನದಲ್ಲೇ ಇಲ್ಲ. ಡಾಕ್ಟರು ಹೇಳಿದ್ದು ಮರೆತುಹೋಯಿತು. ಹತ್ತಿ ತೆಗೆದು ಜೇಬಿಗಿಟ್ಟ, ಗಂಟಲು ಸರಿಮಾಡಿಕೊಂಡ, ಇಷ್ಟು ದಿನ ಎದೆಯಲ್ಲಿ ಕೊಳೆಯುತ್ತಿದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಗಾಳಿ ಅಳೆಯಿರಿ, ಆಮೇಲೆ ಯಂತ್ರದ ಮಾತಾಡಿ, ಸಬ್ಸಿಡಿಯ ಜಗಳ ಕಡೆಗಿರಲಿ ಎಂದ. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ.

ಹೊರಗೆ ಬಂದದ್ದು ಮಾತ್ರ, “ಮೊವಲು ಹಾಳಿ ಹಳೀಬೇಹು, ಹಾಮೇಲೆ ಹಂತ್ರ,” ಎಂಬಂಥದ್ದು. ಅದೇ ಜಾಡಿನಲ್ಲಿ ಬಹಳ ಹೊತ್ತು ಹರಿಯಿತು.

ಮುಗಿದಾಗ ಮೇಷ್ಟರು ಸಭೆಯ ಕಡೆ ತಿರುಗಿದರು.

“ಕೇಳಿದ್ರಾ,” ಎಂದರು ಮೇಷ್ಟರು, ಗದ್ಗದಿತರಾಗಿ. “ಮೊದಲು ಗಾಳಿ, ಆಮೇಲೆ ಬೇರೆಲ್ಲ. ಯಂತ್ರ ಬೇಕು ಅಂದ್ರು.”

“ಹಾಳು ಅಂದ. ನಾನು ಈ ಕಿವಿಯಲ್ಲೇ ಕೇಳ್ದೆ,” ಎಂದರು ತಾತ. “ಸಬ್ಸಿಡಿ ತಗೊಂಡ್ರೆ ಹಾಳು.”

ಇಲಾಖೆಯ ಸಾಹೇಬರು ಮೆಲ್ಲಗೆ ಎದ್ದರು. ನಿಜ ಹೇಳಬೇಕೆಂದರೆ, ಆ ವರ್ಷದ ಸಬ್ಸಿಡಿ ಹಣ ಎಂದೋ ಖರ್ಚಾಗಿ ಹೋಗಿತ್ತು. ಅದನ್ನು ಈ ಜನರಿಗೆ ಹೇಳಿ ಜೀವಸಹಿತ ಹೊರಗೆ ಹೋಗುವುದು ಹೇಗೆಂದು ಅವರು ಬಂದಾಗಿನಿಂದ ಲೆಕ್ಕ ಹಾಕುತ್ತಿದ್ದರು. ಈಗ ಅವರ ಮುಖದಲ್ಲಿ ಬೆಳಕು ಮೂಡಿತು.

“ನೀವಿಬ್ರೂ ಹೇಳ್ತಿರೋದು ಸರಿ,” ಎಂದರು. “ಇವರು ಎರಡನ್ನೂ ಹೇಳಿದ್ರು. ಯಂತ್ರ ಬೇಕು, ಸಬ್ಸಿಡಿ ಬೇಡ. ನನ್ನ ಸರ್ವೀಸಲ್ಲೇ ಇಂಥ ಸ್ವಾಭಿಮಾನಿ ಪ್ರಜೆಯನ್ನ ನೋಡಿಲ್ಲ.”

ಮೇಷ್ಟರು ತಾತನನ್ನು ನೋಡಿದರು. ತಾತ ಮೇಷ್ಟರನ್ನು ನೋಡಿದರು. ಒಬ್ಬರಿಗೆ ಯಂತ್ರ ಸಿಕ್ಕಿತು, ಇನ್ನೊಬ್ಬರಿಗೆ ಖಜಾನೆ ಉಳಿಯಿತು. ಜಗಳಕ್ಕೆ ಏನೂ ಮಿಕ್ಕಿರಲಿಲ್ಲ. ಇಬ್ಬರೂ ಎದ್ದು ಅಪ್ಪಿಕೊಂಡರು, ಮತ್ತು ಆ ಕಟ್ಟಡದ ಸಂಘ ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದು ನಿರ್ಣಯ ಒಮ್ಮತದಿಂದ ಪಾಸಾಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಚಾಳೀಸಪ್ಪನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದವಳಿಗೆ, “ನಮ್ಮೋರು ಮನೇಲೂ ಹೀಗೇ, ಕಡಿಮೆ ಮಾತು,” ಎಂದಳು.

ತನ್ನ ಮಾತು ತಲೆಕೆಳಗಾಗಿದೆಯೆಂದು ಚಾಳೀಸಪ್ಪನಿಗೆ ಗೊತ್ತಿತ್ತು. ಆದರೂ ಆ ಚಪ್ಪಾಳೆಯ ನಡುವೆ ಅವನ ಎದೆ ತನ್ನಷ್ಟಕ್ಕೆ ಉಬ್ಬಿತು. ಹೇಗೂ ಎಲ್ಲರೂ ಸಂತೋಷವಾಗಿದ್ದಾರೆ, ತಿದ್ದುವುದು ಯಾಕೆ ಎಂದುಕೊಂಡು ಎರಡೂ ಕೈ ಎತ್ತಿ ಮುಗಿದ.

“ಒಂದೇ ಒಂದು ಪ್ರಶ್ನೆ,” ಎಂದರು ಸಾಹೇಬರು, ಸಭೆಯ ಪುಸ್ತಕದಲ್ಲಿ ಬರೆಯುತ್ತ. “ಸರ್ಕಾರದ ಹಣ ಬೇಡ ಅಂದ್ಮೇಲೆ, ಖರ್ಚು ಯಾರು ಕೊಡ್ತಾರೆ?”

ಚಪ್ಪಾಳೆ ತಟ್ಟನೆ ನಿಂತಿತು. ಜನ ತಂತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿ ಚಾಳೀಸಪ್ಪನನ್ನು ನೋಡಿದರು.

ಅವನು ಬೆಚ್ಚಿಬಿದ್ದ. ಎದೆಯ ಮೇಲೆ ಕೈಯಿಟ್ಟುಕೊಂಡು, “ನಾನಾ?” ಎಂದು ಕೇಳಿದ.

ಕೇಳಿದ್ದು ಅವನ ಮನಸ್ಸಿನಲ್ಲಿ. ಮರಗಟ್ಟಿದ ತುಟಿಗೆ ಪ್ರಶ್ನೆಯ ರಾಗ ಎಳೆಯಲು ಬರಲಿಲ್ಲ. ಸಭೆಗೆ ಕೇಳಿಸಿದ್ದು ಎದೆಮುಟ್ಟಿ ಹೇಳಿದ ಎರಡು ಗಟ್ಟಿ ಶಬ್ದ: “ನಾ. ನಾ.”

ಸಾಹೇಬರು ಅದನ್ನೇ ಬರೆದುಕೊಂಡರು. ಈ ಸಲದ ಚಪ್ಪಾಳೆಗೆ ಸ್ಕೂಟರಿನ ಕನ್ನಡಿಗಳು ಅದುರಿದವು. ಎರಡೂ ಪಕ್ಷದವರು ಸೇರಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅಷ್ಟು ಎತ್ತರದ ಮೆರವಣಿಗೆ ಲಿಫ್ಟಿನಲ್ಲಿ ಹಿಡಿಸಲಿಲ್ಲವೆಂದು ಮೆಟ್ಟಿಲ ಮೇಲೇ ಹೊತ್ತು, ತಾರಸಿಗೆ ತಂದು ಇಳಿಸಿದರು. ಯಂತ್ರ ನಿಲ್ಲುವ ಜಾಗವನ್ನು ಅವನ ಕೈಯಿಂದಲೇ ತೋರಿಸಬೇಕೆಂದು ಮೇಷ್ಟರ ಆಸೆ.

ತಾರಸಿಯ ಮೇಲೆ ಒಂದು ಸೀರೆ ಒಣಗಲು ಹಾಕಿತ್ತು. ಅದರ ಅಂಚು ಕೂಡ ಅಲುಗುತ್ತಿರಲಿಲ್ಲ. ಹೊತ್ತು ತಂದವರೆಲ್ಲ ಕಾಲರು ಬಿಚ್ಚಿ, ಸಿಕ್ಕ ಸಿಕ್ಕ ಕಾಗದದಿಂದ ಬೀಸಿಕೊಳ್ಳುತ್ತಿದ್ದರು. ಎದುರು ಮನೆಯ ಹೊಗೆ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಮೇಲೇರುತ್ತಿತ್ತು.

ಚಾಳೀಸಪ್ಪನ ನಾಲಗೆ ಆಗ ಜುಮ್ಮೆಂದು ತನ್ನ ಜಾಗಕ್ಕೆ ವಾಪಸು ಬಂತು. ಆ ದಿನ ಮೊದಲ ಸಲ, ಒಂದಕ್ಷರವೂ ತೊದಲದೆ, ಸ್ಪಷ್ಟವಾಗಿ ಹೇಳಿದ:

“ಇಲ್ಲಿ ಗಾಳಿಯೇ ಇಲ್ವಲ್ರೀ.”

ಎಲ್ಲರೂ ಕೇಳಿಸಿಕೊಂಡರು. ಎಲ್ಲರಿಗೂ ಅರ್ಥವಾಯಿತು. ತೆರಿಗೆ ತಾತ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿ, ಆಕಾಶವನ್ನೊಮ್ಮೆ ಅಳೆದು ನೋಡಿದರು.

“ಅದಕ್ಯಾಕಪ್ಪ ಚಿಂತೆ? ಗಾಳಿ ಸಿಗೋವರೆಗೂ ಕಂಬ ಎತ್ತರ ಮಾಡಿಸಿದ್ರಾಯ್ತು. ಹೇಗೂ ಸರ್ಕಾರದ ದುಡ್ಡಲ್ವಲ್ಲ.”