ಗುದ್ದಿಗೊಂದು ಹೆಸರು

ತಾಯಪ್ಪ ಹಿತ್ತಾಳೆಯ ಕೊಡವನ್ನು ಎರಡೂ ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಅದರ ಕಂಠದ ಕೆಳಗೆ ಸಣ್ಣ ಉಳಿ ಇಟ್ಟು ಟಕ್ ಟಕ್ ಎಂದು ಬಡಿಯುತ್ತಿದ್ದ. ‘ಗ’ ಮುಗಿಯಿತು. ‘ದ್ದೆ’ ಮುಗಿಯಿತು. ಇನ್ನೊಂದೇ ಅಕ್ಷರ ಬಾಕಿ. ಆದರೆ ಅವನ ಕೈ ಮಾತ್ರ ಮಾನ್ವಿಯ ಬಜಾರದಲ್ಲಿತ್ತು, ತಲೆ ಮನೆಯಲ್ಲಿತ್ತು. ಮನೆಯಲ್ಲಿ ಆ ಬೆಳಿಗ್ಗೆ ರೊಟ್ಟಿಗಿಂತ ಮೊದಲು ಜಗಳ ಬೆಂದಿತ್ತು.

ಶಂಶುದ್ದೀನ್ ಸಾಹೇಬರ ಪಾತ್ರೆ ಅಂಗಡಿಯಲ್ಲಿ ಕುಳಿತು ಹೆಸರು ಕೊರೆಯುವುದು ತಾಯಪ್ಪನ ಕಸುಬು. ಮಾನ್ವಿಯ ಅರ್ಧ ಮನೆಗಳ ಕೊಡ, ತಂಬಿಗೆ, ಪರಾತಗಳ ಮೇಲೆ ಅವನ ಅಕ್ಷರವೇ ಇತ್ತು. ಊರಿಗೆಲ್ಲ ಹೆಸರು ಹಾಕುವ ಆ ಕೈಗೆ ಸ್ವಂತ ಮಗನಿಗೊಂದು ಹೆಸರು ಹಾಕಲು ಐದು ತಿಂಗಳಿಂದ ಆಗಿರಲಿಲ್ಲ.

ತಾಯಪ್ಪನಿಗೆ ತೀರಿಹೋದ ತಂದೆಯ ಹೆಸರನ್ನೇ ಇಡಬೇಕೆಂಬ ಹಟ. ತಂದೆಯ ಹೆಸರು ಗದ್ದೆಪ್ಪ. ಹೆಂಡತಿ ಆದೆಮ್ಮನಿಗೆ ‘ಪ್ರವೀಣಕುಮಾರ’ ಆಗಬೇಕು. ದೇವದುರ್ಗದಲ್ಲಿ ಅವಳ ತವರುಮನೆಯ ಎದುರಿಗಿದ್ದ ಮಾಸ್ತರರ ಮಗನಿಗೆ ಆ ಹೆಸರಿತ್ತು. ಆ ಹುಡುಗ ದಿನಾಲೂ ತಲೆ ಬಾಚಿಕೊಳ್ಳುತ್ತಿದ್ದ.

“ಅಲ್ರೀ, ಮಾವನ ಹೆಸರು ಸೊಸಿ ಹೆಂಗ ಹಿಡದು ಕರೀಬೇಕು? ನಾಲಿಗಿಗಿ ಹುಳ ಬೀಳಂಗಿಲ್ಲೇನು?” ಎಂದು ಅವಳು ಬೆಳಿಗ್ಗೆ ಕೇಳಿದ್ದಳು. “ನಾಳಿ ಕೂಸು ಅಂಬೆಗಾಲಿಟ್ಟು ಒಲಿ ಕಡೆ ಹೊಂಟ್ರ ಏನಂತ ಕೂಗ್ಲಿ? ‘ಮಾವನೋರೇ, ಅಲ್ಲೇ ನಿಲ್ರಿ, ಸುಡ್ತದ’ ಅನ್ಲಾ?”

“ನಿನ್ನ ಪ್ರವೀಣಕುಮಾರ ಹಲ್ಲುಪುಡಿ ಹೆಸರಿದ್ದಂಗ ಅದ. ಒಂದು ಲೋಟದ ಮ್ಯಾಲ ಹಿಡಿಸಂಗಿಲ್ಲ ಅದು.”

“ಹೆಸರು ಲೋಟಕ್ಕಿಡಾಕತ್ತೀರೋ, ಕೂಸಿಗೋ?”

ಕೂಸಿಗೆ ಈ ಜಗಳದ ಬಗ್ಗೆ ಬೇಸರವೇನೂ ಇರಲಿಲ್ಲ. ಯಾರು ಏನೆಂದು ಕರೆದರೂ ಅದು ತಿರುಗಿ ನೋಡುತ್ತಿತ್ತು. ಬೀದಿಯಲ್ಲಿ “ಮಸರ ಮಸರ” ಎಂದು ಕೂಗಿಕೊಂಡು ಹೋಗುವ ಮೊಸರಿನವಳಿಗೂ ನಕ್ಕು ಓಗೊಡುತ್ತಿತ್ತು.

ಕಾಯಲಾರದವನೆಂದರೆ ದೇವದುರ್ಗದಲ್ಲಿದ್ದ ಆದೆಮ್ಮನ ತಂದೆ ಅಮರಪ್ಪ. ಜೋಳದ ಕಣಕಿಯ ಬಣವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಮುದುಕ ಮಾನ್ವಿಗೆ ಬರುವಂತಿರಲಿಲ್ಲ. ಹಾಗಾಗಿ ಆ ಕಡೆಯಿಂದ ಬರುವ ಪ್ರತಿಯೊಬ್ಬರ ಕೈಯಲ್ಲೂ ಹೇಳಿ ಕಳಿಸುತ್ತಿದ್ದ: “ಮೊಮ್ಮಗನ ಹೆಸರೇನಂತ ಒಂದು ಪತ್ರ ಹಾಕ್ರಿ. ಹೆಸರಿಲ್ಲದ ಕೂಸಿನ್ನ ಕನಸಿನಾಗರ ಏನಂತ ಕರದು ಎತ್ತಿಕೊಳ್ಳಲಿ?”

ಪತ್ರ ಬರೆದು ಎಷ್ಟೋ ದಿನಗಳಾಗಿದ್ದವು. ನೀಲಿ ಇನ್‌ಲ್ಯಾಂಡ್ ಕಾಗದದಲ್ಲಿ ಎಲ್ಲವನ್ನೂ ಬರೆದು, ಹೆಸರು ಬರಬೇಕಾದ ಕಡೆ ಮಾತ್ರ ಜಾಗ ಬಿಟ್ಟು, ಗೋಡೆಯ ಗೂಡಿನಲ್ಲಿಟ್ಟಿದ್ದ ತಾಯಪ್ಪ. ಇವತ್ತು ಆದೆಮ್ಮ ಆ ಪತ್ರವನ್ನು ತೆಗೆದು ಅವನ ಮುಂದೆ ಹಿಡಿದಿದ್ದಳು.

“ಇವತ್ತು ಸಂಜಿ ಟಪಾಲಿಗಿ ಇದು ಬೀಳಬೇಕು. ಬೀಳಲಿಲ್ಲಂದ್ರ ಕೂಸಿನ್ನ ಎತ್ಕೊಂಡು ದೇವದುರ್ಗದ ಬಸ್ಸು ಹತ್ತಿ ಹೊಕ್ಕೀನಿ. ನಮ್ಮಪ್ಪ ಏನ್ ಹೆಸರಿಡ್ತಾನೋ ಇಡ್ಲಿ. ನೀವು ನಿಮ್ಮ ತಂಬಿಗಿ ಸಂಗಾಟ ಸಂಸಾರ ಮಾಡ್ರಿ.”

ಆದೆಮ್ಮ ಆಡಿದ್ದನ್ನು ಮಾಡುವವಳು. ಹಿಂದೊಮ್ಮೆ ಹೀಗೆಯೇ ಹೋದವಳು ಎರಡು ಹುಣ್ಣಿಮೆ ಕಳೆದ ಮೇಲೆ ಬಂದಿದ್ದಳು. ಆಗ ಮಾಡಿಕೊಂಡು ತಿಂದ ಹಸಿ ಹಿಟ್ಟಿನ ರೊಟ್ಟಿ ತಾಯಪ್ಪನ ಹೊಟ್ಟೆಗೆ ಇನ್ನೂ ನೆನಪಿತ್ತು. ಇದನ್ನೆಲ್ಲ ಯೋಚಿಸುತ್ತಲೇ ಅವನು ಕೊನೆಯ ಅಕ್ಷರವನ್ನು ಬಡಿದು ಮುಗಿಸಿದ. ಕೊಡವನ್ನು ಬಟ್ಟೆಯಿಂದ ಒರೆಸಿ, ಎದುರು ಕಾಯುತ್ತಿದ್ದ ಮಲ್ಲಟದ ವೆಂಕಣ್ಣನ ಕೈಗೆ ಕೊಟ್ಟ. ವೆಂಕಣ್ಣ ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬಂದವನು. ಮಗಳ ಹೆಸರು ಗದ್ದೆಮ್ಮ.

ವೆಂಕಣ್ಣ ಕೊಡವನ್ನು ಬಿಸಿಲಿಗೆ ಹಿಡಿದು ಅಕ್ಷರ ಕೂಡಿಸಿ ಓದಿದ. ಅವನ ಮೀಸೆ ಕುದಿಯುವ ಎಸರಿನ ಮೇಲಿನ ಮುಚ್ಚಳದಂತೆ ಕುಣಿಯತೊಡಗಿತು.

“ಏನ್ ಬರದೀಯೋ ಇದು? ಗದ್ದೆಪ್ಪ? ನಾಳಿ ಬೀಗರು ಓದಿದ್ರ ಏನಂದಾರು? ‘ಹೆಣ್ಣು ಅಂತ ಹೇಳಿ ಗಂಡು ಕೊಟ್ಟಾರ’ ಅಂತ ಹಂದರದಾಗ ಬಡದಾಟ ಆಗ್ತದ!”

ಶಂಶುದ್ದೀನ್ ಸಾಹೇಬರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದರು. “ಅರೇ ತಾಯಪ್ಪಾ, ಕ್ಯಾ ಕರ್ ದಿಯಾ ರೇ! ಲಗ್ನದ ಹುಡುಗಿಗಿ ಮೀಸಿ ಬರಿಸಿದೆಲ್ಲೋ!”

“ತಪ್ಪಾತ್ರೀ ಸಾಹೇಬ್ರ. ನಮ್ಮಪ್ಪ ಕೈಯಾಗ ಬಂದುಬಿಟ್ಟ.”

“ನಿಮ್ಮಪ್ಪ ಸತ್ತು ಎಷ್ಟೋ ವರ್ಷ ಆಯ್ತು, ಇನ್ನಾ ನನ್ನ ಅಂಗಡಿಯಾಗ ಯಾಕ ಅಡ್ಡಾಡ್ತಾನ?” ಎಂದರು ಸಾಹೇಬರು. ವೆಂಕಣ್ಣನಿಗೆ ಬೇರೆ ಕೊಡ ಕೊಡಿಸಿ, ಅದರ ಮೇಲೆ ‘ಮ್ಮ’ ಬೀಳುವವರೆಗೂ ತಾಯಪ್ಪನ ತಲೆಯ ಮೇಲೆಯೇ ನಿಂತಿದ್ದರು. ಆಮೇಲೆ ಹಾಳಾದ ಕೊಡವನ್ನು ಅವನ ಮಡಿಲಿಗಿಟ್ಟರು. “ಇದನ್ನ ಯಾರಿಗಿ ಮಾರ್ಲಿ? ಮನಿಗಿ ಒಯ್ಯಿ. ಆ ಕೂಸಿಗಿ ಒಂದು ಹೆಸರಿಟ್ಟು ಬಾ. ಅಲ್ಲಿತನಕ ಉಳಿ ಮುಟ್ಟಬ್ಯಾಡ, ಹಾಥ್ ಜೋಡ್‌ತೀನಿ.”

ನಡು ಮಧ್ಯಾಹ್ನ ಕೊಡವನ್ನು ಹೆಗಲ ಮೇಲಿಟ್ಟುಕೊಂಡು ತಾಯಪ್ಪ ಮನೆ ಸೇರಿದ. ಹೊಸ ಕೊಡ ಕಂಡರೆ ಹೆಂಡತಿಯ ಸಿಟ್ಟು ಇಳಿದೀತೆಂಬ ಆಸೆಯಿತ್ತು. ಇಳಿಯಿತು ಕೂಡ. ಆದೆಮ್ಮ ಹಿಗ್ಗಿನಿಂದ ಕೊಡವನ್ನು ಸೊಂಟಕ್ಕಿಟ್ಟು ನೋಡಿದಳು. ಆಮೇಲೆ ಕಂಠದ ಕೆಳಗೆ ನೋಡಿದಳು. ಎರಡನೆಯ ಇಯತ್ತೆ ಓದಿದವಳು ಅವಳು.

“ಅಯ್ಯ ನನ್ನ ಕರ್ಮ!” ಎಂದು ಕೊಡವನ್ನು ನೆಲಕ್ಕೆ ಕುಕ್ಕಿ, ತಲೆಯ ಮೇಲೆ ಸೆರಗೆಳೆದುಕೊಂಡಳು. “ಮಾವನ್ನ ಸೊಂಟದ ಮ್ಯಾಲ ಕುಂದ್ರಿಸಿಕೊಂಡು ನೀರಿಗಿ ಹೋಗ್ಲೇನ್ರೀ? ನನ್ನ ಒಂದು ಮಾತು ಕೇಳದ ಹೆಸರು ಕೊರದುಕೊಂಡು ಬಂದೀರಿ, ಅಂದ್ರ ಠರಾಯಿಸಿಬಿಟ್ಟೀರಿ! ನಾ ಹೊಂಟೆ ದೇವದುರ್ಗಕ್ಕ!”

“ಲೇ, ಅದು ಕೈತಪ್ಪಿ ಬಿದ್ದ ಅಕ್ಷರ…”

“ತಪ್ಪಿದ್ರೂ ನಿಮ್ಮಪ್ಪನ ಕಡೀಗೇ ತಪ್ಪತದಲ್ಲ ನಿಮ್ಮ ಕೈ? ನನ್ನ ಪ್ರವೀಣನ ಕಡೀಗಿ ಒಮ್ಮೆರ ತಪ್ಪೇದೇನು?”

ಈ ಗದ್ದಲಕ್ಕೆ ಪಕ್ಕದ ಮನೆಯ ಬಡೇಬೀ ಬಂದಳು. ಬಡೇಬೀಯ ವಯಸ್ಸು ಎಷ್ಟೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಓಣಿಯ ಎಲ್ಲರ ವಯಸ್ಸೂ ಅವಳಿಗೆ ಗೊತ್ತಿತ್ತು. ಅವಳು ಬಂದು ಹೊಸ್ತಿಲ ಮೇಲೆ ಕೂರುವಷ್ಟರಲ್ಲಿ ಕಲ್ಲೂರಿನ ಬಸ್ಸಿಳಿದು ಇನ್ನಿಬ್ಬರು ಬಂದರು. ಮುಂದೆ, ಕೈ ಬೀಸಿಕೊಂಡು, ತಾಯಪ್ಪನ ಭಾವ ಯಮನೂರಪ್ಪ. ಹಿಂದೆ, ಗಂಟು ಹೊತ್ತುಕೊಂಡು, ಅವನ ಹೆಂಡತಿ, ತಾಯಪ್ಪನ ಅಕ್ಕ ಗೋಪಮ್ಮ.

ಯಮನೂರಪ್ಪ ಸಂತೆಗೆಂದು ಬಂದರೆ ಸಂತೆ ಮುಗಿದ ಮೇಲೂ ಉಳಿಯುವ ಮನುಷ್ಯ. ಅವನು ಇರುವಷ್ಟು ದಿನ ಆ ಮನೆಯ ಏಕೈಕ ಮಂಚ ಅವನದು, ಮೊದಲ ರೊಟ್ಟಿ ಅವನದು, ಕೊನೆಯ ಮಾತೂ ಅವನದೇ. ಬಂದವನೇ ಮಂಚದ ಮೇಲೆ ಕಾಲು ಚಾಚಿ, “ಇನ್ನಾ ಹೆಸರಿಟ್ಟಿಲ್ಲೇನೋ ಕೂಸಿಗಿ? ಏನ್ ಗಂಡಸೋ ನೀನು!” ಎಂದ.

ಗೋಪಮ್ಮ ಇದಕ್ಕೆ ತದ್ವಿರುದ್ಧ. ಯಾರು ಏನೆಂದರೂ “ಹೂನವ್ವಾ” ಎನ್ನುವವಳು.

ಬಡೇಬೀ ಅವಳನ್ನು ಕಂಡದ್ದೇ ಚಪ್ಪಾಳೆ ತಟ್ಟಿದಳು. “ಲೋ, ಸೋದರತ್ತಿ ತಾನಾಗೇ ಬಂದಾಳ! ನಮ್ಮನಿ ತೊಟ್ಟಿಲ ಕೊಡ್ತೀನಿ. ಹೊತ್ತು ಮುಳುಗೂಕ ಮೊದ್ಲು ಹೆಸರಿಟ್ಟುಬಿಡ್ರಿ. ಗೋಪಮ್ಮ ಕಿವಿಯಾಗ ಏನಂತಾಳೋ ಅದೇ ಪಕ್ಕಾ. ಆಮ್ಯಾಲ ಗಂಡ-ಹೆಂಡ್ತಿ ಇಬ್ಬರೂ ತಕರಾರು ಮಾಡಬಾರ್ದು. ಕಬೂಲಾ?”

“ಕಬೂಲ್,” ಎಂದ ತಾಯಪ್ಪ.

“ಆಗ್ಲಿ,” ಎಂದಳು ಆದೆಮ್ಮ.

ಇಬ್ಬರೂ ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಬಡೇಬೀಗೇ ಸಂಶಯ ಬಂತು. ಅದರಲ್ಲಿ ತಪ್ಪಿರಲಿಲ್ಲ.

ತಾಯಪ್ಪ ಅಕ್ಕನನ್ನು ಹಿತ್ತಲಿಗೆ ಕರೆದೊಯ್ದ. “ಯಕ್ಕಾ, ಅಪ್ಪ ನಿನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಜಾತ್ರಿ ತೋರಿಸಿದ್ದು ನೆನಪದ ಇಲ್ಲ? ಅವನ ಹೆಸರು ಅಳಸಿ ಹೋಗಬೇಕೇನು? ಗದ್ದೆಪ್ಪ ಅನ್ನಬೇ, ನಿನ್ನ ಕಾಲಿಗಿ ಬೀಳ್ತೀನಿ.” ಗೋಪಮ್ಮ ಕಣ್ಣೊರೆಸಿಕೊಂಡು “ಹೂನೋ ತಮ್ಮಾ” ಎಂದಳು.

ಅವನು ಆಚೆ ಹೋದದ್ದೇ ಆದೆಮ್ಮ ಬಿಸಿ ಬಿಸಿ ಸಜ್ಜಕದ ಬಟ್ಟಲು ಹಿಡಿದು ಬಂದಳು. “ಯತ್ತಿಗೀ, ನೀವೂ ಒಂದು ಮನಿ ಸೊಸಿ ಅದೀರಿ. ಮಾವನ ಹೆಸರು ಬಾಯಿಲೆ ಅನ್ನೋ ಸಂಕಟ ನಿಮಗ ಗೊತ್ತಿಲ್ಲೇನು? ಪ್ರವೀಣಕುಮಾರ ಅನ್ರಿ. ನನ್ನಾಣಿ!” ಗೋಪಮ್ಮ ಸಜ್ಜಕ ನುಂಗುತ್ತ “ಹೂನವ್ವಾ” ಎಂದಳು.

ಎರಡು ಕಡೆ ಹೂಂ ಎಂದವಳ ಎದೆಯಲ್ಲಿ ಸಜ್ಜಕ ಇಳಿಯಲೂ ಇಲ್ಲ, ಮೇಲೆ ಬರಲೂ ಇಲ್ಲ.

ಇಳಿಹೊತ್ತಿಗೆ ತೊಟ್ಟಿಲು ಬಂತು. ಓಣಿಯ ಹೆಂಗಸರೆಲ್ಲ ಒಳಮನೆಯಲ್ಲಿ ತುಂಬಿಕೊಂಡರು. ಯಮನೂರಪ್ಪ ಹೊರಗಿನ ಕಟ್ಟೆಯ ಮೇಲೆ ಬೀಡಿ ಹಚ್ಚಿದ. ತಾಯಪ್ಪ ಮಾತ್ರ ಬಾಗಿಲ ಸಂದಿಯಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡು ನಿಂತ.

ಹೆಂಗಸರು ಕೂಡಿದ ಮೇಲೆ ಒಡಪು ಬೇಡವೇ? ಪದ ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳದ ಹೊರತು ಯಾರನ್ನೂ ಬಿಡುವ ರೂಢಿ ನಮ್ಮ ಕಡೆ ಇಲ್ಲ. ಒಬ್ಬೊಬ್ಬರಾಗಿ ನಾಚಿ, ನಕ್ಕು, ಹೆಸರು ಹೇಳಿ ಪಾರಾದರು. ಗೋಪಮ್ಮನ ಸರದಿ ಬಂದಾಗ ಬಡೇಬೀ ಸೊಂಟಕ್ಕೆ ಕೈಯಿಟ್ಟಳು.

“ಈಕಿನ್ನ ಬಿಡಬ್ಯಾಡ್ರಿ! ಲಗ್ನದಾಗೂ ಹೆಸರು ಹೇಳಿಲ್ಲ, ಬಸುರಿದ್ದಾಗಿನ ಕುಪ್ಪಸದಾಗೂ ಹೇಳಿಲ್ಲ. ದವಾಖಾನಿಯಾಗ ಗಂಡನ ಹೆಸರೇನಮ್ಮಾ ಅಂತ ಕೇಳಿದ್ರ, ‘ಹೊರಗ ಬೀಡಿ ಸೇದಾಕತ್ತಾರ, ಅವರನ್ನೇ ಕೇಳ್ರಿ’ ಅಂದಾಳಂತ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಗೋಪಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು, “ಬ್ಯಾಡ್ರೆವ್ವಾ, ನಿಮ್ಮ ಕಾಲಿಗಿ ಬೀಳ್ತೀನಿ, ಮೊದ್ಲು ಕೂಸಿಂದು ಆಗ್ಲಿ,” ಎಂದು ತೊಟ್ಟಿಲ ಕಡೆಗೆ ಸರಿದಳು.

“ಆಗ್ಲಿ. ಆದ್ರ ಹೆಸರು ಹೇಳಿಸದ ಇವತ್ತ ಬಿಡಂಗಿಲ್ಲ ನಿನ್ನ,” ಎಂದಳು ಬಡೇಬೀ.

ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ “ಕುರ್‌ರ್” ಎಂದು ಹೆಸರು ಹೇಳಬೇಕು. ಸುತ್ತಲಿದ್ದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇದು ಶಾಸ್ತ್ರ. ಗುದ್ದು ಮೆತ್ತಗಿರಬೇಕೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ.

ಗೋಪಮ್ಮ ಬಗ್ಗಿದಳು. “ಕುರ್‌ರ್” ಎಂದಳು. ತಲೆಯೆತ್ತಿದರೆ ಬಾಗಿಲ ಸಂದಿಯಲ್ಲಿ ತಮ್ಮ ‘ಗ… ಗ…’ ಎಂದು ಬಾಯಿ ತೆರೆಯುತ್ತಿದ್ದ. ತೊಟ್ಟಿಲ ಆ ಬದಿಗೆ ಆದೆಮ್ಮ ‘ಪ್ರ… ಪ್ರ…’ ಎಂದು ತುಟಿ ಕುಣಿಸುತ್ತಿದ್ದಳು. ಗೋಪಮ್ಮ ಮತ್ತೆ ತೊಟ್ಟಿಲಿಗೆ ಬಗ್ಗಿದಳು. “ಕುರ್‌ರ್” ಎಂದು ಇನ್ನೊಮ್ಮೆ ಅಂದಳು.

“ಬರೇ ಕುರ್ ಅಂದ್ರ ಕೋಳಿ ಬರ್ತದಬೇ! ಹೆಸರು ಹೇಳು!” ಎಂದು ಯಾರೋ ಗುದ್ದಿದರು.

“ಹೆಸರು! ಹೆಸರು!” ಎಂದು ಎಲ್ಲರೂ ಗುದ್ದತೊಡಗಿದರು. ಕಡೆಗೆ ಬಡೇಬೀ ತೋಳೇರಿಸಿದಳು. ಮೆಣಸಿನಕಾಯಿ ಕುಟ್ಟಿ ಕುಟ್ಟಿ ಒನಕೆಯಂತಾಗಿದ್ದ ಕೈ. ಅದು ಬೆನ್ನಿನ ನಟ್ಟನಡುವೆ ಧಡ್ಡೆಂದು ಬಿತ್ತು. “ಹೇಳ್ತೀಯೋ ಇಲ್ಲೋ ಹೆಸರು!”

“ಯವ್ವಾ ಸತ್ತೆ! ಹೇಳ್ತೀನ್ರಬೇ, ಹೇಳ್ತೀನಿ!” ಎಂದು ಗೋಪಮ್ಮ ಕಣ್ಣುಮುಚ್ಚಿ ಒಂದೇ ಉಸಿರಿಗೆ ಕೂಗಿದಳು: “ಯಮನೂರಪ್ಪ! ಯಮನೂರಪ್ಪ! ಯಮನೂರಪ್ಪ!”

ಗುದ್ದಲೆಂದು ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು.

ಹೊರಗಿನ ಕಟ್ಟೆಯಿಂದ ಯಮನೂರಪ್ಪ ಬೀಡಿ ಬಿಸಾಕಿ ಓಡಿಬಂದ. “ಏನಾತು? ಯಾರದು ನನ್ನ ಕರದದ್ದು?” ಕರೆದವಳು ಹೆಂಡತಿಯೆಂದು ತಿಳಿದಾಗ ಆ ಮನುಷ್ಯ ಗೋಡೆ ಹಿಡಿದುಕೊಂಡ. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು.

ಗೋಪಮ್ಮ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಬೆರಳ ಸಂದಿಯಿಂದ ಗೊಣಗಿದಳು. “ನೀವೇ ಗುದ್ದಿ ಗುದ್ದಿ ಹೆಸರು ಹೆಸರು ಅಂದ್ರಿ… ನಾ ಇವರದು ಕೇಳಾಕತ್ತೀರಿ ಅಂದುಕೊಂಡೆ!”

“ಇದು ನಡ್ಯಂಗಿಲ್ಲ!” ಎಂದು ತಾಯಪ್ಪ ಒಳಗೆ ನುಗ್ಗಿದ. “ಇನ್ನೊಮ್ಮೆ ಹೇಳಸ್ರಿ!”

“ನಕ್ಕೋ ಬೇಟಾ, ಬ್ಯಾಡ,” ಎಂದಳು ಬಡೇಬೀ, ನಗು ತಡೆಯಲಾರದೆ ಕಣ್ಣೊರೆಸಿಕೊಳ್ಳುತ್ತ. “ಕಿವಿಯಾಗ ಹೊಕ್ಕಿದ್ದು ವಾಪಸ್ ಬರಂಗಿಲ್ಲ. ಕಬೂಲ್ ಅಂದೀ ಇಲ್ಲ?”

ತಾಯಪ್ಪ ಹೆಂಡತಿಯ ಕಡೆ ನೋಡಿದ. ಅವಳಾದರೂ ತಕರಾರು ತೆಗೆದಾಳೆಂಬ ಆಸೆ. ಆದೆಮ್ಮ ಕ್ಷಣ ಹೊತ್ತು ಯೋಚಿಸಿ, ಕೂಸನ್ನು ಎತ್ತಿಕೊಂಡಳು. “ಹೋಗ್ಲಿ ಬಿಡ್ರಿ. ಮಾವನ ಹೆಸರಂತೂ ಅಲ್ಲ. ಬಾಯಿ ತುಂಬ ಕರೀಬಹುದು.” ಎಂದವಳೇ ಗಟ್ಟಿಯಾಗಿ ಕರೆದು ನೋಡಿದಳು: “ಏ ಯಮನೂರಪ್ಪಾ! ಅಯ್ಯ ಭಾಡ್ಯಾ, ಹೊಸ ಸೀರಿ ಮ್ಯಾಲ ಉಚ್ಚಿ ಹೊಯ್ದೆಲ್ಲೋ!”

ಹಿಗ್ಗಿನಿಂದ ಮೀಸೆ ತಿರುವುತ್ತಿದ್ದ ದೊಡ್ಡ ಯಮನೂರಪ್ಪನ ಕೈ ಅಲ್ಲಿಯೇ ನಿಂತಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು.

ಟಪಾಲಿನ ಹೊತ್ತು ಹತ್ತಿರ ಬಂದಿತ್ತು. ತಾಯಪ್ಪ ಗೂಡಿನಿಂದ ಪತ್ರ ತೆಗೆದು ನೆಲಕ್ಕೆ ಕುಳಿತ. ಗದ್ದೆಪ್ಪನಿಗೆಂದು ಬಿಟ್ಟ ಜಾಗದಲ್ಲಿ ಯಮನೂರಪ್ಪ ಹಿಡಿಸುವಂತಿರಲಿಲ್ಲ. ಅಕ್ಷರಗಳನ್ನು ಸಂತೆ ಬಸ್ಸಿನ ಜನರ ಹಾಗೆ ಒತ್ತಿ ಒತ್ತಿ ತುರುಕಿದ. ಭಾವ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

“ಬರೇ ಯಮನೂರಪ್ಪ ಅಂತ ಬರದೀಯಲ್ಲ? ‘ನವರು’ ಹಚ್ಚು.”

“ಭಾವಾ, ಇದು ಕೂಸಿನ ಹೆಸರು.”

“ಹೆಸರು ಯಾರದು? ನೀ ನನಗಿಂತ ಸಣ್ಣಾವ. ಇಷ್ಟು ದಿನ ಒಂದರ ಸಲ ನನ್ನ ಹೆಸರು ಹಿಡದು ಕರದೀ ಏನು?”

ಕರೆದಿರಲಿಲ್ಲ, ಕರೆಯುವ ಧೈರ್ಯವೂ ಇರಲಿಲ್ಲ. ಆಗ ತಾಯಪ್ಪನಿಗೆ ತನ್ನ ಮುಂದಿನ ಬದುಕು ಕಣ್ಣಿಗೆ ಕಟ್ಟಿತು. ಹೆಂಡತಿ ಬಾಯಿ ತುಂಬ ಕರೆಯುವ ಮಗನನ್ನು ತಾನು ಮಾತ್ರ ಹೆಸರು ಹಿಡಿದು ಕರೆಯುವಂತಿಲ್ಲ. ಅವನು ‘ನವರು’ ಹಚ್ಚಿದ. ಪತ್ರ ಮಡಿಚಿ ಅಂಟಿಸಿ ಹೊರಬಿದ್ದ. ಭಾವ ಬೆನ್ನು ಹತ್ತಿದ.

ಟಪಾಲು ಡಬ್ಬಿಯ ಹತ್ತಿರ ಬಂದಾಗ ತಾಯಪ್ಪ ಮೆಲ್ಲಗೆ ಕೇಳಿದ, “ಊರಿಗಿ ಯಾವಾಗ ಹೊಕ್ಕೀರಿ ಭಾವಾ? ನಾಳಿ ಮುಂಜಾನಿ ಬಸ್ಸಿಗೇನು?”

“ಹುಚ್ಚದೀ ಏನು?” ಎಂದ ಯಮನೂರಪ್ಪ. “ನಿನ್ನ ಹೆಂಡ್ತಿ ನನ್ನ ಹೆಸರಿಗಿ ಹೆಂಗ ಬೈದ್ಲು, ಕೇಳಿದಿಲ್ಲ? ಆ ಕೂಸಿಗಿ ಬುದ್ಧಿ ಬಂದು ಬೈಗುಳ ನಿಲ್ಲೋತನಕ ನಾ ಇಲ್ಲೇ ಇರ್ತೀನಿ. ನನ್ನ ಹೆಸರು, ನನ್ನ ಮರ್ಯಾದಿ.”

ಆ ಹೊತ್ತಿಗೆ ಪೋಸ್ಟಿನವನು ಸೈಕಲ್ಲಿನಿಂದಿಳಿದು ಡಬ್ಬಿಯ ಬೀಗ ತೆಗೆಯತೊಡಗಿದ್ದ. “ಹಾಕೋದದ ಏನ್ರೀ?” ಎಂದು ಕೇಳಿದ. ತಾಯಪ್ಪನ ಕೈ ಪತ್ರವನ್ನು ಬಿಡಲೊಲ್ಲದು. ಭಾವ ಅದನ್ನು ಕಿತ್ತು, ಅಂಗಿಯ ತುದಿಯಿಂದ ಒಮ್ಮೆ ಒರೆಸಿ, ತಾನೇ ಪೋಸ್ಟಿನವನ ಚೀಲದೊಳಕ್ಕೆ ಹಾಕಿದ.