ಸ್ವಲ್ಪ ಆ ಕಡೆ ತಿರುಗ್ರಿ

ಹೊಳಲ್ಕೆರೆ ರಸ್ತೆಯಲ್ಲಿ ನರ್ಸರಿ ತೆರೆದಾಗ, ಗಿಡ ಮಾರಿಕೊಂಡು ನೆಮ್ಮದಿಯಾಗಿರಬಹುದು ಅಂದುಕೊಂಡಿದ್ದೆ. ಗಿಡಗಳೇನೋ ಪಾಪ, ತಮ್ಮ ಪಾಡಿಗೆ ತಾವಿವೆ. ಕೊಳ್ಳಲು ಬರುವವರು ಮಾತ್ರ ವಾರಕ್ಕೊಮ್ಮೆಯಾದರೂ ಏನಾದರೂ ಒಂದು ಮಾಡಿಯೇ ಹೋಗುತ್ತಾರೆ. ನನಗೆ ನಗು ಬರುವುದು ಅವರು ಹೋದ ಮೇಲೆ.

ಮೂರು ಚೊಂಬು ನೀರು

ನಿವೃತ್ತ ಹೆಡ್‌ಮಾಸ್ತರರೊಬ್ಬರು ಲೋಳೆಸರದ ಕುಂಡ ಅವಚಿಕೊಂಡು ಬಂದರು, ಜೊತೆಗೆ ಹೆಂಡತಿ. ಗಿಡ ಪೂರ್ತಿ ಕೊಳೆತಿತ್ತು.

"ನೀರು ಎಷ್ಟು ಹಾಕ್ತೀರಿ ಸಾರ್?"

"ದಿನಾ ಬೆಳಗ್ಗೆ ಒಂದೇ ಚೊಂಬು. ನಮ್ಮನೇಲಿ ಇನ್ಯಾರಿಗೂ ಗಿಡದ ಮೇಲೆ ನಿಗಾ ಇಲ್ಲ."

"ಅಯ್ಯೋ, ಇವರೆಲ್ಲಿ ಹಾಕ್ತಾರೆ ಅಂತ ನಾನು ಸಂಜೆ ಒಂದು ಚೊಂಬು ಹಾಕ್ತಿದ್ನಲ್ರೀ!" ಅಂದರು ಹೆಂಡತಿ.

ಅಲ್ಲಿಂದಲೇ ಮನೆಗೆ ಫೋನ್ ಹೋಯಿತು. ಇಬ್ಬರಿಗೂ ಮರೆವು ಎಂದು ಸೊಸೆ ಮಧ್ಯಾಹ್ನ ಇನ್ನೊಂದು ಚೊಂಬು ಹಾಕುತ್ತಿದ್ದಳಂತೆ. ಬೇರೆ ಗಿಡ ಕೊಟ್ಟು, ಮಣ್ಣು ಪೂರಾ ಒಣಗಿದ ಮೇಲೆ ಯಾರಾದರೂ ಒಬ್ಬರೇ ನೀರು ಹಾಕಿ ಎಂದು ಹೇಳಿ ಕಳಿಸಿದೆ.

ಬೇಸಿಗೆ ಮುಗಿಯುವುದರೊಳಗೆ ಅದನ್ನೂ ಎತ್ತಿಕೊಂಡು ಬಂದರು. ಒಣಗಿ ಹಪ್ಪಳವಾಗಿತ್ತು.

"ಒಬ್ರೇ ಹಾಕ್ರಿ ಅಂದ್ರಿ," ಎಂದು ನನ್ನ ಮೇಲೇ ರೇಗಿದರು. "ಯಾರು ಅಂತ ಹೇಳ್ಲೇ ಇಲ್ಲ!"

ಕದಿಯುವುದಕ್ಕೂ ಚೌಕಾಸಿ

ಮನಿ ಪ್ಲಾಂಟನ್ನು ಕದ್ದು ತಂದು ನೆಟ್ಟರೇ ಹಬ್ಬುತ್ತದೆ ಎಂದು ನಮ್ಮ ಕಡೆ ಬಹಳ ಜನ ನಂಬುತ್ತಾರೆ. ನರ್ಸರಿಯವನ ಗತಿಯೇನು ಎಂದು ಯಾರೂ ಯೋಚಿಸಿದಂತಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದು, "ಸಾರ್, ನೀವು ಸ್ವಲ್ಪ ಆ ಕಡೆ ತಿರುಗ್ರಿ. ನಾನು ಕದ್ಕಂಡು ಹೋಗ್ತೀನಿ. ದುಡ್ಡು ಈ ಕಲ್ಲಿನ ಕೆಳಗೆ ಇಟ್ಟಿರ್ತೀನಿ" ಅಂದರು.

ವ್ಯಾಪಾರ ವ್ಯಾಪಾರವೇ. ದೂರದಲ್ಲಿ ಕಾಣುವ ಊರಿನ ಕೋಟೆಯ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದಿನಿಂದ ಕಳ್ಳಿಯ ದನಿ ಬಂತು:

"ಎಷ್ಟಾಯ್ತು ಸಾರ್?"

"ಎಂಬತ್ತು."

"ಕದಿಯೋದಕ್ಕೂ ಎಂಬತ್ತಾ? ಅರವತ್ತು ಮಾಡ್ಕಳ್ರಿ!"

ಶಿಷ್ಯ

ಆಮೇಲೆ ಇದು ನನಗೆ ಅಭ್ಯಾಸವೇ ಆಯಿತು. ಮನಿ ಪ್ಲಾಂಟ್ ಎಂದ ಕೂಡಲೇ ತಿರುಗಿಬಿಡುತ್ತಿದ್ದೆ.

ನಮ್ಮಲ್ಲಿ ಕಾವಲಿಗೆಂದು ಸಾಕಿದ ಒಂದು ಬೀದಿನಾಯಿ ಇದೆ. ಬನ್ನು, ಬಿಸ್ಕತ್ತು, ಸಿಹಿ ಕೊಡಬೇಡಿ ಎಂದು ದನದ ಡಾಕ್ಟರು ಎಷ್ಟು ಹೇಳಿದರೂ ಗಿರಾಕಿಗಳು ಕೊಟ್ಟು ಕೊಟ್ಟು ಅದು ಗುಂಡಗಾಗಿತ್ತು. ದಿನವಿಡೀ ನನ್ನ ಪಕ್ಕದಲ್ಲೇ ಕೂರುತ್ತಿತ್ತು. ನಾನು ತಿರುಗಿದಾಗ ತಾನೂ ತಿರುಗುತ್ತಿತ್ತು. ಬರಬರುತ್ತಾ, ಯಾರು ಕುಂಡ ಎತ್ತಿದರೂ ಗೋಡೆ ಕಡೆ ಮುಖ ಮಾಡಿ ಕೂರುವುದನ್ನು ಕಲಿತುಬಿಟ್ಟಿತು. ನಾನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆ.

ಒಂದು ಮಧ್ಯಾಹ್ನ ನರ್ಸರಿಯ ಹಿಂದಿರುವ ನಮ್ಮ ಮನೆಗೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಹೆಂಡತಿಯ ಅಡೇನಿಯಂ ಗಿಡ ಮಾಯ. ಬೀಜದಿಂದ ಹತ್ತು ವರ್ಷ ಬೆಳೆಸಿದ್ದಳು. ಮರಳುಗಾಡಿನ ಗಿಡ, ಬುಡ ತಂಬಿಗೆಯ ಹಾಗೆ ಉಬ್ಬಿತ್ತು. ಯಾರು ಎಷ್ಟು ಕೊಡುತ್ತೇನೆಂದರೂ ಮಾರಿರಲಿಲ್ಲ. ನಾಯಿ ಗೋಡೆ ನೋಡುತ್ತಾ ಕೂತಿತ್ತು.

ಅವತ್ತು ಅವಳು ಊಟ ಮಾಡಲಿಲ್ಲ. ನಾನು ನಾಯಿಗೆ ಬಾಯಿಗೆ ಬಂದಂತೆ ಬೈದೆ.

"ಅದಕ್ಯಾಕೆ ಬೈತೀರಿ?" ಅಂದಳು. "ಪಾಠ ಹೇಳ್ಕೊಟ್ಟ ಮೇಷ್ಟ್ರು ನೀವೇ ಅಲ್ವಾ?"

ಚಿಕಿತ್ಸೆ

ಎರಡು ತಿಂಗಳಾದ ಮೇಲೆ, ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಸ್ಕೂಟರಿನಿಂದ ಪಿಂಗಾಣಿ ಕುಂಡ ಇಳಿಸಿದ. ಅದರಲ್ಲೊಂದು ಎಲೆ ಉದುರಿದ ಅಡೇನಿಯಂ.

"ಎಲ್ಲಾ ನರ್ಸರಿ ಸುತ್ತಿದೆ ಸಾರ್. ಇದರ ಗುಣ ಗೊತ್ತಿರೋರು ನೀವೊಬ್ರೇ ಅಂದ್ರು. ದಿನಾ ನೀರು ಹಾಕಿದ್ರೂ ಹಿಂಗಾಗೈತೆ."

ದಿನಾ ನೀರು ಹಾಕಿದ್ದರಿಂದಲೇ ಹಾಗಾಗಿದೆ ಎಂದು ಹೇಳಲು ಬಗ್ಗಿ ನೋಡಿದೆ. ಬುಡದಲ್ಲಿ ಒಂದು ಹಳೆಯ ಗಾಯದ ಗುರುತು. ಹಿಂದೊಮ್ಮೆ ನನ್ನ ಸಲಿಕೆ ತಾಗಿ ಆಗಿದ್ದು, ನನ್ನ ಹೆಂಡತಿ ಅರಿಶಿನ ಮೆತ್ತಿ ವಾಸಿ ಮಾಡಿದ್ದು. ಕುಂಡ ಬದಲಾಯಿಸಿದರೆ ನಮಗೆ ಗುರುತು ಸಿಗದು ಎಂದುಕೊಂಡಿರಬೇಕು. ನಾಯಿಯಂತೂ ಆತನನ್ನು ಕಂಡೊಡನೆ ಗೋಡೆ ಕಡೆ ತಿರುಗಿಯಾಗಿತ್ತು.

"ಎಲ್ಲಿ ತಗಂಡ್ರಿ ಇದನ್ನ?"

"ಅದು... ಒಂದ್ ಕಡೆಯಿಂದ ತಂದೆ." ಆತ ದನಿ ತಗ್ಗಿಸಿದ. "ಕದ್ದ ಗಿಡ ಚೆನ್ನಾಗಿ ಬರ್ತೈತೆ ಅಂತಾರಲ್ಲ ಸಾರ್, ಬರೀ ಸುಳ್ಳು."

ನಾನು ಕೊರಳಪಟ್ಟಿಗೆ ಕೈ ಹಾಕುವವನೇ ಇದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಬಂದಳು. ಗಿಡ ನೋಡಿದಳು. ಹೆಬ್ಬೆರಳಿನಿಂದ ಬುಡ ಒತ್ತಿ ನೋಡಿದಳು.

"ಒಂದು ಕಡೆ ಮಾತ್ರ ಮೆತ್ತಗಾಗೈತೆ. ಕೊಯ್ದು ನೆರಳಲ್ಲಿ ಒಣಗಿಸಿದ್ರೆ ಉಳೀತೈತೆ," ಅಂದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಆತನ ಕಡೆ ನೋಡಿ, ತುಂಬಾ ಮರ್ಯಾದೆಯಿಂದ ಹೇಳಿದಳು:

"ಕದ್ದ ಗಿಡ ಚೆನ್ನಾಗಿ ಬರ್ತೈತೆ ಅನ್ನೋದು ಸುಳ್ಳಲ್ಲ ಅಣ್ಣಾ. ನೀವೊಂಚೂರು ಆ ಕಡೆ ತಿರುಗ್ರಿ."

ಅದೂ ಚಿಕಿತ್ಸೆಯ ಒಂದು ಭಾಗವೆಂದುಕೊಂಡನೋ ಏನೋ, ಆತ ರಸ್ತೆ ಕಡೆ ತಿರುಗಿ ಕೈಕಟ್ಟಿ ನಿಂತ. ಇವಳು ಪಿಂಗಾಣಿ ಕುಂಡದ ಸಮೇತ ಗಿಡ ಎತ್ತಿಕೊಂಡು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಸುಮಾರು ಹೊತ್ತಾದ ಮೇಲೆ ಆತ, "ಆಯ್ತೇನಮ್ಮಾ?" ಎಂದ.

ನಮ್ಮನ್ನು ಕೇಳಿದರೆ ಏನು ಪ್ರಯೋಜನ? ನಾನೂ ನಾಯಿಯೂ ಗೋಡೆ ಕಡೆ ತಿರುಗಿ ಕೂತಿದ್ದೆವು.