ಮಾಳಿಗಿ ಮ್ಯಾಲಿನ ಖಾರ

ಮನ್ಯಾಗ ಮೆಣಸಿನಕಾಯಿ ಬೀಜ ಊರಿದ ಮ್ಯಾಲೆ ಬರೇ ಗಿಡ ಏಳತಾವ ಅಂತ ತಿಳ್ಕೊಬ್ಯಾಡ್ರಿ, ಒಂದೊಂದು ಗಿಡದ ಜೋಡಿ ಒಂದೊಂದು ಫಜೀತಿನೂ ಏಳತೈತಿ. ತೊಂಬತ್ತರ ದಶಕದಾಗ ಹಚ್ಕೊಂಡ ಈ ಹುಚ್ಚು ನನಗ ಇನ್ನೂ ಬಿಟ್ಟಿಲ್ಲ, ಫಜೀತಿನೂ ಬಿಟ್ಟಿಲ್ಲ.

ನಾ ಬೈಲಹೊಂಗಲದಾಗ ಪಡಸಾಲ್ಯಾಗ ಮಷಿನ್ ಇಟ್ಕೊಂಡು ಬ್ಲೌಸ್ ಹೊಲಿಯಾಕಿ. ನಮ್ಮನಿಯವರು ಬಸ್ ಡ್ರೈವರ್. ಒಂದಿನ ಸವದತ್ತಿ, ಒಂದಿನ ರಾಮದುರ್ಗ, ಒಂದಿನ ಕಿತ್ತೂರು. ಮಂದಿ ಗಂಡಂದಿರು ಡ್ಯೂಟಿ ಮುಗಿಸಿ ಬರೂವಾಗ ಹೆಂಡತಿಗೆ ಮಲ್ಲಿಗಿ ತರತಾರ. ಇವರು ಖಾಕಿ ಅಂಗಿ ಕಿಸೆದಾಗ ಮೆಣಸಿನಕಾಯಿ ಬೀಜ ತರತಿದ್ರು. ಬ್ಯಾಡಗಿ, ಸಂಕೇಶ್ವರಿ, ಜ್ವಾಲಾ, ಲವಂಗಿ ಅಂತ ಮಾಳಿಗಿ ಮ್ಯಾಲೆ ಎಣ್ಣಿ ಡಬ್ಬಿ, ಒಡದ ಕೊಡಾ, ತೂತ ಬಿದ್ದ ಬಕೀಟು ಎಲ್ಲಾದರಾಗೂ ಒಂದೊಂದು ತಳಿ. ಇಷ್ಟೆಲ್ಲಾ ಹೊತ್ತು ತರೂ ಮನಷ್ಯಾ ಊಟಕ್ಕ ಕುಂತ್ರ ರೊಟ್ಟಿ ಜೋಡಿ ಬರೇ ಮೊಸರು. ಖಾರ ಆಗೂದೇ ಇಲ್ಲ!

ಅತ್ತಿ ಮೊಣಕಾಲು

ಮೊದಲ ಸಲ ಬೀಜ ಕೊಟ್ಟಾಂವ ಮನೋಳಿ ಕಡೆ ಒಬ್ಬ ರೈತ. "ಡ್ರೈವರ್ ಸಾಹೇಬ್ರ, ಥಂಡ್ಯಾಗ ಇವು ಲಗೂನ ಏಳೂದಿಲ್ರಿ. ಹಸಿ ಅರಿವ್ಯಾಗ ಕಟ್ಟಿ ಬೆಚ್ಚಗ ಇಡಾಕ ಹೇಳ್ರಿ ಅಕ್ಕಾರಿಗೆ" ಅಂದಿದ್ದನಂತ. ನಾ ಹಂಗ ಗಂಟು ಕಟ್ಟಿ ಬಚ್ಚಲದಾಗ ನೀರೊಲಿ ಬಾಜೂಕ ಇಟ್ಟೆ.

ಮುಂಜಾನೆ ನೋಡ್ತೇನಿ, ಗಂಟು ಇಲ್ಲ. ಹುಡುಕ್ಕೊಂತ ಹೊರಗ ಬಂದ್ರ ನಮ್ಮ ಅತ್ತಿ ಹೊರಸಿನ ಮ್ಯಾಲೆ ಕಾಲು ಚಾಚಿ ಕುಂತು, ಆ ಗಂಟು ಮೊಣಕಾಲಿಗೆ ಒತ್ಕೊಂಡಾರ!

"ಅತ್ತೀ, ಅದು ಬೀಜ ರೀ!"

"ಬೀಜಾನೋ ಬೇರೋ ನನಗೇನ ಗೊತ್ತ? ಸೊಸಿ ನನ್ನ ಬ್ಯಾನಿಗೆ ಔಷಧದ ಗಂಟು ಕಟ್ಯಾಳ ಅಂತ ನಾ ಆಗಲೇ ಓಣಿ ತುಂಬಾ ಹೇಳಿ ಬಂದೇನಿ."

ಇನ್ನ ಕಸ್ಕೊಳ್ಳೂದು ಹ್ಯಾಂಗ? ಹಗಲಿಗೆ ಮೊಣಕಾಲ ಮ್ಯಾಲೆ, ರಾತ್ರಿ ಒಲಿ ಬಾಜೂಕ ಅಂತ ಇಬ್ಬರೂ ಪಾಳಿ ಹಚ್ಚಿದ್ವಿ. ಒಂದು ವಾರ ಕಳದು ಬಿಚ್ಚಿ ನೋಡಿದ್ರ ಬೆಳ್ಳನ ಮೊಳಕಿ! ಬ್ಯಾನಿನೂ ಕಮ್ಮಿ ಆಗೈತಿ ಅಂತ ಅತ್ತಿ ಅಂದ್ರು. ಮರುದಿನ ಹಿಂದಿನ ಮನಿ ಅಜ್ಜಿ ಸೊಂಟಾ ಹಿಡ್ಕೊಂಡು ಬಾಗಲದಾಗ ನಿಂತಿದ್ಲು.

"ಯವ್ವಾ, ನನಗೂ ಒಂದು ಗಂಟು ಕಟ್ಟಿ ಕೊಡ. ಮೆಣಸಿನಕಾಯಿದು ಖಾಲಿ ಆಗಿದ್ರ ಬದನಿಕಾಯಿದು ಕೊಟ್ರೂ ನಡೀತೈತಿ."

ಬಸ್ಸಿನ್ಯಾಗ ಬಂದ ದೇವರು

ಸವದತ್ತ್ಯಾಗ ನಮ್ಮ ಅಕ್ಕನ ಮನಿ ಐತಿ. ನಮ್ಮ ಮನ್ಯಾಗ ಜಾಗಾ ಸಾಲದ್ದಕ್ಕ ಆಕಿಗೂ ಬೀಜ ಕೊಟ್ಟು, ಸಸಿ ಮಾಡಿ ಕಳಸವಾ ಅಂದಿದ್ದೆ. ಆಕಿ ಒಂದು ಅಗಲ ಬುಟ್ಟಿ ತುಂಬಾ ಸಸಿ ಎಬ್ಬಿಸಿ ನಮ್ಮನಿಯವರ ಕೈಯಾಗ ಕೊಟ್ಲು. ಅವತ್ತ ನೋಡ್ರಿ ಹುಣ್ಣಿಮಿ. ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದ ಮಂದಿ ಬಸ್ಸಿನ ತುಂಬಾ. ಇವರು ಗೋಣಿಚೀಲ ಹಾಸಿ ಬುಟ್ಟೀನ ತಮ್ಮ ಬಾಜೂಕ, ಎಲ್ಲಮ್ಮನ ಫೋಟೋದ ಕೆಳಗ ಇಟ್ಕೊಂಡ್ರು.

ಹಣಿ ತುಂಬಾ ಭಂಡಾರ ಹಚ್ಚಿದ್ದ ಒಬ್ಬಾಕಿ ಮುದುಕಿ ಕೇಳಿದ್ಲಂತ: "ಏನಪಾ, ಗುಡ್ಡದಿಂದ ಬಂದದ್ದ ಇದು?"

ಇವರ ಕಣ್ಣು ರಸ್ತಾದ ಮ್ಯಾಲೆ. "ಹೂಂ ಬೇ, ಅಲ್ಲಿಂದನ ಬಂದೈತಿ."

ಮುಗೀತು. ಮುದುಕಿ ಬುಟ್ಟಿಗೆ ಭಂಡಾರ ಹಾಕಿ, ಕೈ ಮುಗದು, ಒಂದು ಎಲಿ ಹರಕೊಂಡು ಕಣ್ಣಿಗೆ ಒತ್ತಿ ತುರುಬಿನ್ಯಾಗ ಇಟ್ಕೊಂಡ್ಲು. ಆಕಿನ್ನ ನೋಡಿ ಹಿಂದಿನಾಕಿ. ಆಕಿನ್ನ ನೋಡಿ ಇಡೀ ಬಸ್ಸು. ಬೈಲಹೊಂಗಲ ಬಸ್‌ಸ್ಟ್ಯಾಂಡಿನ್ಯಾಗ ಗಾಡಿ ನಿಲ್ಲಿಸಿ ಇವರು ಬಾಜೂಕ ನೋಡಿದ್ರ ಬುಟ್ಟ್ಯಾಗ ಬರೇ ಕಡ್ಡಿ!

"ಎಲ್ಲಿ ಹೋತೋ ನನ್ನ ಗಿಡಾ?" ಅಂತ ಕಂಡಕ್ಟರ್‌ಗೆ ಕೇಳಿದ್ರು.

"ಹೊತ್ಕೊಂಡ ಇಳ್ಯಾಕ ಹತ್ತಾರ ನೋಡ್ರಿ" ಅಂತ ಅಂವ ಬಾಗಲದ ಕಡೆ ಬಟ್ಟು ಮಾಡಿದ. ಇಳ್ಯಾಕ ಹತ್ತಿದ ಎಲ್ಲಾರ ತಲ್ಯಾಗೂ ಒಂದೊಂದು ಹಸರು ಎಲಿ.

ಅರಿಶಿಣ ಬಡಕೊಂಡ ಆ ಬೋಳು ಕಡ್ಡಿ ನೋಡಿ ನನಗ ಅಳೂನ ಬಂತು. "ಒಗದ ಬಿಡೂಣು" ಅಂದೆ. ಅತ್ತಿ ಬಿಡಲಿಲ್ಲ. ದಿನಾ ನೀರು ಚಿಮುಕಿಸಿದ್ರು. ಹದಿನೈದು ದಿನದಾಗ ಕಡ್ಡಿಗೋಳು ಮಗ್ಗಲಕ್ಕೆಲ್ಲಾ ಚಿಗುರೊಡದು, ಮೊದಲಿಗಿಂತ ದಟ್ಟಾಗಿ ನಿಂತ್ವು. ಹ್ಯಾಂಗ ಬದುಕಿದ್ವು ಅಂತ ನನಗ ಆಶ್ಚರ್ಯ. ಅತ್ತಿಗೆ ಏನೂ ಆಶ್ಚರ್ಯ ಇಲ್ಲ.

"ಅಷ್ಟು ಮಂದಿ ಕೈ ಮುಗದ ಮ್ಯಾಲೆ ಒಣಗಾಕ ಅವಕ್ಕ ಧೈರ್ಯ ಎಲ್ಲಿಂದ ಬರಬೇಕ?"

ಉದ್ದ ತೋಳು

ಯಾವ ಡಬ್ಬ್ಯಾಗ ಯಾವ ತಳಿ ಅಂತ ನಾ ಚೀಟಿ ಬರದು ಚುಚ್ಚತಿದ್ದೆ. ಅತ್ತಿಗೆ ಓದಾಕ ಬರೂದಿಲ್ಲ. ಹಂಗಾಗಿ ಅವರು ನನ್ನ ಚಿಂದಿ ಬುಟ್ಟ್ಯಾಗಿಂದ ಬ್ಲೌಸಿನ ತುಂಡು ಆರಿಸಿ, ಬ್ಯಾಡಗಿಗೆ ಕೆಂಪು, ಜ್ವಾಲಾಕ್ಕ ಹಸರು, ಲವಂಗಿಗೆ ಜರಿ ಇದ್ದದ್ದು ಅಂತ ಕಟ್ಟಿಬಿಟ್ರು. ನೋಡಾಕೂ ಚಂದ ಇತ್ತು.

ಒಂದಿನ ಒಬ್ಬ ಗಿರಾಕಿ ಅಕ್ಕಾರು ಬ್ಲೌಸ್ ಒಯ್ಯಾಕ ಬಂದಾವರು ಗಿಡಾ ನೋಡತೇನಿ ಅಂತ ಮಾಳಿಗಿ ಏರಿದ್ರು. ಐದು ನಿಮಿಷಕ್ಕ ಮ್ಯಾಲಿಂದನ ಒದರಿದ್ರು: "ಏನ್ರೀ ಇದು! ಬಟ್ಟಿ ಸಾಲಲಿಲ್ಲ ಅಂತ ನನ್ನ ತೋಳು ಗಿಡ್ಡ ಮಾಡೀರಿ, ಈ ಗಿಡಕ್ಕ ನೋಡಿದ್ರ ಜರಿ ಉದ್ದ ತೋಳು ತೊಡಿಸೀರಿ!"

ಖರೇನ ಅದು ಬೆರಳಿನಷ್ಟು ಅಗಲದ ಚಿಂದಿ, ಆದ್ರ ಲವಂಗಿ ಗಿಡಕ್ಕ ಸುತ್ತಿದ ಮ್ಯಾಲೆ ಪೂರಾ ತೋಳಿನಂಗ ಕಾಣತಿತ್ತು. ಅತ್ತಿ ಅಡಿಕಿ ಕತ್ತರಿಸ್ಕೊಂತ ಕೆಳಗಿಂದನ ಸಮಾಧಾನ ಮಾಡಿದ್ರು:

"ಸಿಟ್ಟಾಗಬ್ಯಾಡವಾ ತಂಗಿ. ಆ ಗಿಡದಷ್ಟು ತೆಳ್ಳಗ ನೀ ಇದ್ದಿದ್ರ ನಿನಗೂ ಬಟ್ಟಿ ಸಾಲತಿತ್ತು."

ಕಿರಾಣಿ ಕಾಕಾ

ಇದು ಸಣ್ಣ ಫಜೀತಿ. ಕಿತ್ತೂರಿನ ಹೈವೇ ಮ್ಯಾಲೆ ನಮ್ಮನಿಯವರು ಚಾ ಕುಡಿಯೂವಾಗ ಒಬ್ಬ ಲಾರಿ ಡ್ರೈವರ್ ಕೊಟ್ಟ ಬೀಜ, ನೇರಳಿ ಬಣ್ಣದ ಸಣ್ಣ ಸಣ್ಣ ಕಾಯಿ ಬಿಟ್ಟಿತ್ತು. ಎಲ್ಲಾ ಕಾಯಿನೂ ಆಕಾಶದ ಕಡೆ ಮಾರಿ ಮಾಡಿ ನಿಂತಿದ್ವು. ನಮ್ಮ ಓಣಿ ಕಿರಾಣಿ ಅಂಗಡಿ ಕಾಕಾ ನೋಡಾಕ ಬಂದ್ರು. "ಮೂವತ್ತು ವರ್ಷ ಮೆಣಸಿನಕಾಯಿ ಮಾರೇನಿ. ಮ್ಯಾಲೆ ನೋಡೂವು ಬರೇ ಶೋಕಿಗೆ ಇರತಾವ, ಖಾರ ಇರೂದಿಲ್ಲ" ಅಂದಾವರ ಒಂದು ಬಾಯಾಗ ಒಗಕೊಂಡ್ರು.

ಬಾಯಿ ತಗದು, ಕುತ್ತಿಗಿ ಎತ್ತಿ ಆಕಾಶದ ಕಡೆ ಮಾರಿ ಮಾಡಿ ನಿಂತ್ರು.

"ಏನ್ರಿ ಕಾಕಾ?"

"ಏನಿಲ್ಲ... ಇದು ಯಾಕ ಮ್ಯಾಲೆ ನೋಡತೈತಿ ಅಂತ ಈಗ ತಿಳೀತು."

ಭಜಿ ತಿಂದ ವರ

ನಮ್ಮ ನಾದಿನಿಗೆ ವರ ನೋಡಾಕ ಹತ್ತಿ ಎರಡು ವರ್ಷ ಆಗಿತ್ತು. ಬಂದಾವರು ಉಪ್ಪಿಟ್ಟು ತಿಂದು, ಚಾ ಕುಡದು, "ತಿಳಸತೇವ್ರಿ" ಅಂತ ಹೋಗತಿದ್ರು. ಯಾರೂ ತಿಳಸತಿರಲಿಲ್ಲ. ಆಕಿ ನಕ್ಕೊಂತನ ಇರತಿದ್ಲು, ಆದ್ರ ಪ್ರತಿ ಸಲ ರೇಷ್ಮಿ ಸೀರಿ ಮಡಚಿ ಇಡೂವಾಗ ಆಕಿ ಮಾರಿ ನೋಡಾಕ ಆಗತಿರಲಿಲ್ಲ. ರಾಮದುರ್ಗದಿಂದ ಒಂದು ಮನಿಯವರು ಬರತಾರ ಅಂದಾಗ ಅತ್ತಿ ಹಟಾ ಹಿಡದ್ರು: "ಈ ಸಲ ಉಪ್ಪಿಟ್ಟು ಬ್ಯಾಡ. ನಮ್ಮ ಗಿಡದ್ದ ಮೆಣಸಿನಕಾಯಿ ಭಜಿ ಮಾಡೂಣು."

ನಾ ಖುಷೀಲೆ ಹೂಂ ಅಂದೆ. ಭಜಿಗೇ ಅಂತ ಖಾರಿಲ್ಲದ ದಪ್ಪ ಮೆಣಸಿನಕಾಯಿ ಬೀಜ ನಾನ ಹಿಂದಿನ ವರ್ಷ ತಗದು ಇಟ್ಟು, ಹೊಸಾ ಗಿಡ ಮಾಡಿದ್ದೆ. ಅವತ್ತ ಮೊದಲನೇ ಕೊಯ್ಲು. ಹಿಂದಿನ ವರ್ಷ ಆ ಗಿಡದ ಮಗ್ಗಲಾಗ ಲವಂಗಿ ಡಬ್ಬಿ ಇತ್ತು ಅನ್ನೂದು ನನಗ ಲಕ್ಷ್ಯದಾಗ ಇರಲಿಲ್ಲ. ಜೇನಹುಳ ಎರಡರ ಹೂವಿನ ಮ್ಯಾಲೂ ಕುಂತೆದ್ದು, ನಾದಿನಿಗಿಂತ ಮೊದಲ ಅವುಗಳ ಲಗ್ನಾ ಮುಗಿಸಿತ್ತು. ಹುಟ್ಟಿದ ಕಾಯಿಗೆ ಮಾರಿ ಅವ್ವಂದು, ಗುಣ ಅಪ್ಪಂದು.

ಮೊದಲ ಭಜಿ ಕಚ್ಚಿದಾವರು ವರನ ಅಪ್ಪ. ಮಾರಿ ಕೆಂಪಾತು, ಕಣ್ಣಾಗ ದಳದಳ ನೀರು. ನಮ್ಮನಿಯವರು ಗಾಬರಿ ಆದ್ರು: "ಯಾಕ್ರಿ ಮಾವಾರ, ಏನಾತ್ರಿ?"

"ಏನಿಲ್ರಿ... ಹುಡುಗಿನ್ನ ನೋಡಿ ನಮ್ಮವ್ವನ ನೆನಪಾತ್ರಿ."

ಅಪ್ಪನ ಮಾತು ಖರೇ ಅಂತ ತಿಳದು ವರ ಒಂದು ಇಡೀ ಭಜಿ ಬಾಯಾಗ ಇಟ್ಕೊಂಡ. ಅಷ್ಟರಾಗ ಸಂಬಂಧ ತಂದಿದ್ದ ಹಿರ್ಯಾರು ಕೇಳಿದ್ರು: "ಏನಪಾ, ಹುಡುಗಿ ಮನಸಿಗೆ ಬಂದಾಳೇನ?"

ಅಂವಗ ಬಾಯಿ ಬಿಡಾಕ ಬರವಲ್ದು. ನೀರಿನ ತಂಬಿಗಿ ಹಿಡದು ನಿಂತಿದ್ದ ನಾದಿನಿ ಕಡೆ ಎರಡೂ ಕೈ ಚಾಚಿ ಜೋರಾಗಿ ಗೋಣು ಹಾಕಿದ.

"ಒಪ್ಪಿದಾ! ಸಕ್ಕರಿ ತರ್ರಿ!" ಅಂದ್ರು ಹಿರ್ಯಾರು. ಸಕ್ಕರಿ ತಾಟು ಬರೂದ ತಡಾ, ವರ ತಾನ ಎದ್ದು ಒಂದು ಮುಟಿಗಿ ಎತ್ತಿ ಬಾಯಿಗೆ ಹಾಕ್ಕೊಂಡ. "ಏನ ಅವಸರಪಾ ಹುಡುಗಂಗ!" ಅಂತ ಎಲ್ಲಾರೂ ನಕ್ಕರು.

ಯಾವತ್ತೂ ತಲಿ ಎತ್ತದ ನಾದಿನಿ ಅವತ್ತ ತಲಿ ಎತ್ತಿದ್ಲು. "ತಡೀರಿ. ಅವರು ನನ್ನ ಕೇಳಾಕ ಹತ್ತಿಲ್ಲ, ನೀರು ಕೇಳಾಕ ಹತ್ತಾರ."

ಒಳಗ ಹೋಗಿ ಮೊಸರು ತಂದು ಕೊಟ್ಲು. ಅಂವ ಕುಡದ. ಮೂಗು ಒರಸ್ಕೊಂಡ. ಆಮ್ಯಾಲೆ ತಾನ ನಗಾಕ ಹತ್ತಿ, "ಹೌದ್ರಿ, ಮೊದಲ ಕೈ ಚಾಚಿದ್ದು ನೀರಿಗೇ ಖರೇ. ಈಗ ಬಾಯಿ ಉರಿ ಇಳದೈತಿ, ಈಗ ಹೇಳತೇನಿ, ನನಗ ಒಪ್ಪಿಗಿ. ಅವರನೂ ಒಂದ ಮಾತ ಕೇಳ್ರಿ" ಅಂದ.

ನಾದಿನಿ ತಾಟಿನ್ಯಾಗಿನ ಒಂದು ಭಜಿ ತಗೊಂಡು, ನಿಂತಲ್ಲೇ ಪೂರಾ ತಿಂದ್ಲು. ಕಣ್ಣಾಗ ಒಂದು ಹನಿ ನೀರಿಲ್ಲ. "ನಂದೂ ಒಪ್ಪಿಗಿ" ಅಂದ್ಲು.

ಅತ್ತಿ ಸೆರಗಿಲೆ ಕಣ್ಣು ಒರಸ್ಕೊಂಡ್ರು. ಅವರು ಭಜಿ ಮುಟ್ಟಿರಲೇ ಇಲ್ಲ. ಅಷ್ಟೊತ್ತನಕಾ ಕುತ್ತಿಗಿ ಬೆವರು ಒರಸ್ಕೊಂತ ಕುಂತಿದ್ದ ವರನ ಅಪ್ಪ ಕೈ ಮುಗದು ಎದ್ದ್ರು.

"ಬೀಗರ, ಲಗ್ನಾ ನಿಮ್ಮ ಮನಿ ಮುಂದನ ಆಗಲಿ, ಊಟಾನೂ ನೀವ ಮಾಡಸ್ರಿ. ಭಜಿ ಮೆಣಸಿನಕಾಯಿ ಮಾತ್ರ ನಾವು ರಾಮದುರ್ಗದಿಂದನ ತರತೇವ್ರಿ!"